ದೇಹಭಾರವೂ ಪಾದಾಂಶಕ್ರಮವೂ

ದೇಹವು ದಿನೇ ದಿನೇ ಸ್ಥೂಲವಾಗುವದು ಕಣ್ಣಿಗೆ ಕಾಣುವದಿಲ್ಲ. ನಿತ್ಯವೂ ನೋಡುವ ಕನ್ನಡಿಯು ಈ ವಿಷಯದಲ್ಲಿ ಸತ್ಯವನ್ನು ನುಡಿಯುವದಿಲ್ಲ. ಅಂಗಿಯ ಗುಂಡಿಯೂ ಏರುವ ಮೆಟ್ಟಲೂ ನುಡಿಯುವವು. ನಮಗೆ ಈ ಸತ್ಯವನ್ನು ತಿಳಿಸಿಕೊಟ್ಟದ್ದು ನಮ್ಮೂರಾದ ಮುದಗಲ್ಲಿನ ಕೋಟೆಯು.

ನಾವು ಶಾಲೆಯ ಸೇವೆಯಿಂದ ನಿವೃತ್ತರಾದ ವರುಷ ಹಳೆಯ ವಿದ್ಯಾರ್ಥಿಗಳು ಐದಾರು ಮಂದಿ ನಮ್ಮನ್ನು ಕಾಣಲು ಬಂದಿದ್ದರು. ಅವರು ಹುಡುಗರಾಗಿದ್ದಾಗ ವರುಷಕ್ಕೆ ಒಂದು ದಿವಸ ಅವರನ್ನು ಕೋಟೆಯೊಳಗೆ ಕರೆದುಕೊಂಡು ಹೋಗಿ, ಬುರುಜಿನ ಮೇಲೆ ನಿಂತು ಈ ಸೀಮೆಯ ಚರಿತ್ರೆಯನ್ನು ಹೇಳುವದು ನಮ್ಮ ಪದ್ಧತಿಯಾಗಿತ್ತು. "ಗುರುಗಳ, ಇನ್ನೊಮ್ಮೆ ಅದ ಪಾಠ ಹೇಳ್ರಿ" ಎಂದು ಅವರು ಕೇಳಿಕೊಂಡರು. ಸಂತೋಷದಿಂದ ಹೊರಟೆವು. ಆದರೆ ಅರ್ಧ ಏರುವದರೊಳಗಾಗಿ ಉಸಿರು ಕಟ್ಟಿತು, ಮೊಣಕಾಲು ನಡುಗಿತು, ಕಲ್ಲಿನ ಮೇಲೆ ಕುಳಿತುಬಿಟ್ಟೆವು. ಒಬ್ಬನು ಮೆಲ್ಲಗೆ, "ಇಲ್ಲೇ ಕೂತು ಹೇಳ್ರಿ ಗುರುಗಳ, ಕೇಳತೀವಿ" ಎಂದನು. ಅವನ ಮಾತಿನಲ್ಲಿ ಇದ್ದದ್ದು ಗೌರವವೇ. ಆದರೂ ಅದು ನಮಗೆ ಚುಚ್ಚಿತು. ಆ ದಿನದ ಪಾಠವನ್ನು ನಾವು ಕೆಳಗೆ ಕುಳಿತೇ ಹೇಳಿದೆವು.

ಮರುದಿವಸ ವೈದ್ಯರ ಬಳಿಗೆ ಹೋದೆವು. ದೇಹಭಾರ ೮೬ ಕಿಲೋ. ನಡುವಿನ ಸುತ್ತಳತೆ ೧೦೪ ಸೆಂಟಿಮೀಟರು. ನಮ್ಮ ದೇಶದವರಲ್ಲಿ ಈ ಸುತ್ತಳತೆಯು ಪುರುಷರಿಗೆ ೯೦, ಸ್ತ್ರೀಯರಿಗೆ ೮೦ ಸೆಂಟಿಮೀಟರನ್ನು ಮೀರಬಾರದೆಂದು ವೈದ್ಯರ ನಿಯಮವಿದೆ. ಯಾಕಂದರೆ ಹೊಟ್ಟೆಯೊಳಗೆ ಕೂಡುವ ಮೇದಸ್ಸೇ ಮಧುಮೇಹಕ್ಕೂ ಹೃದ್ರೋಗಕ್ಕೂ ಹೆಚ್ಚಾಗಿ ದಾರಿಯಾಗುವದು. ರಕ್ತದಲ್ಲಿಯ ಸಕ್ಕರೆಯು ಗಡಿಯ ಮೇಲೆ ಬಂದು ನಿಂತಿತ್ತು. "ಇನ್ನೂ ರೋಗ ಅಲ್ಲ, ಆದರ ಬಾಗಿಲಿಗೆ ಬಂದದ" ಎಂದು ಅವರು ಹೇಳಿದರು.

ಇಲ್ಲಿ ನಾವು ಮಾಡಿದ ಮೊದಲನೆಯ ಅವಿವೇಕವನ್ನು ವಾಚಕರಿಂದ ಮುಚ್ಚಿಡುವದಿಲ್ಲ. ಇಪ್ಪತ್ತು ವರುಷಗಳಲ್ಲಿ ಬಂದ ಭಾರವನ್ನು ಇಪ್ಪತ್ತೊಂದು ದಿವಸಗಳಲ್ಲಿ ಕಳೆಯಬೇಕೆಂದು ಸಂಕಲ್ಪ ಮಾಡಿದೆವು. ಬೆಳಿಗ್ಗೆ ಬಿಸಿನೀರು, ಮಧ್ಯಾಹ್ನ ಒಂದು ಬಟ್ಟಲು ಅಂಬಲಿ, ರಾತ್ರಿ ಒಂದು ಹಣ್ಣು, ಇಷ್ಟೇ ಆಹಾರ. ೬ ಕಿಲೋ ಇಳಿದೆವು. ಕಂಡವರೆಲ್ಲ ಹೊಗಳಿದರು. ಇಪ್ಪತ್ತೆರಡನೆಯ ದಿನ ಬಂಧುಗಳ ಮನೆಯ ಮದುವೆಯ ಹಂದರದಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದೆವು. ಅಂದು ಸಂಜೆಯಿಂದ ಹಸಿವು ಎಂಬದು ಸೇಡು ತೀರಿಸಿಕೊಳ್ಳುವಂತೆ ಮರಳಿ ಬಂದಿತು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಭಾರ ೮೮ ಕಿಲೋ ಆಗಿತ್ತು.

ಇದು ನಮ್ಮೊಬ್ಬರ ದೌರ್ಬಲ್ಯವೆಂದು ಬಹುಕಾಲ ನಾಚಿದೆವು. ಆದರೆ ದೇಹದ ಧರ್ಮವೇ ಹಾಗೆಂದು ವೈದ್ಯಶಾಸ್ತ್ರವು ಹೇಳುವದು. ಆಹಾರವನ್ನು ಒಮ್ಮೆಲೇ ಕಡಿದರೆ ದೇಹವು ಅದನ್ನು ಬರಗಾಲವೆಂದು ಭಾವಿಸುವದು. ಮೇದಸ್ಸಿನ ಜೊತೆಗೆ ಮಾಂಸವೂ ಕರಗುವದು. ಕುಳಿತಲ್ಲಿ ವೆಚ್ಚವಾಗುವ ಶಕ್ತಿಯನ್ನು ದೇಹವು ತಗ್ಗಿಸಿಕೊಳ್ಳುವದು. ಹಸಿವನ್ನು ಹುಟ್ಟಿಸುವ ರಸಗಳು ಹೆಚ್ಚುವವು. ಹೀಗಿರಲು ವ್ರತ ಮುಗಿದ ಮರುದಿನದಿಂದಲೇ ಹೋದ ಭಾರವು ಮರಳತೊಡಗಿದರೆ ಆಶ್ಚರ್ಯವಿಲ್ಲ.

ಇದನ್ನು ವಿಚಾರಿಸುತ್ತಿದ್ದಾಗ ನಾವು ಬುರುಜಿನ ಮೇಲೆ ಹೇಳುತ್ತಿದ್ದ ಪಾಠವೇ ನೆನಪಿಗೆ ಬಂದಿತು. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಸೀಮೆಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಎಷ್ಟು ಸಲ ಹೋರಾಡಿದರು! ೧೪೦೬ರಲ್ಲಿ ಫಿರೋಜಶಹನಿಗೂ ಒಂದನೆಯ ದೇವರಾಯನಿಗೂ ಯುದ್ಧ; ೧೫೨೦ರಲ್ಲಿ ರಾಯಚೂರಿನಲ್ಲಿ ಕೃಷ್ಣದೇವರಾಯನ ವಿಜಯ; ೧೫೬೫ರ ಮಹಾಯುದ್ಧದ ತರುವಾಯ ಸೀಮೆಯೆಲ್ಲವೂ ವಿಜಾಪುರದವರ ಪಾಲು. ಕೋಟೆಯನ್ನು ಹಿಡಿದವರು ಬಹು ಮಂದಿ, ಕಾದುಕೊಂಡವರು ಕೆಲವರೇ. ಸಂಸ್ಕೃತದಲ್ಲಿ ಯೋಗಕ್ಷೇಮ ಎಂಬ ಮಾತುಂಟು. ಇಲ್ಲದ್ದನ್ನು ಪಡೆಯುವದು ಯೋಗ. ಪಡೆದದ್ದನ್ನು ಕಾಯುವದು ಕ್ಷೇಮ. ಭಾರವನ್ನು ಇಳಿಸುವದು ಯೋಗವಾದರೆ ಇಳಿದದ್ದನ್ನು ಇಳಿದಂತೆಯೇ ಉಳಿಸಿಕೊಳ್ಳುವದು ಕ್ಷೇಮ. ನಾವು ಯೋಗಕ್ಕೆ ಆತುರಪಟ್ಟು ಕ್ಷೇಮವನ್ನು ಮರೆತಿದ್ದೆವು.

ಬಳಿಕ ಹಳೆಯ ಪೆಟ್ಟಿಗೆಯಿಂದ ಚರಕಸಂಹಿತೆಯನ್ನು ತೆಗೆದೆವು. ಚರಕರು ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲ, ಅತಿಕೃಶ ಎಂಬ ಎರಡು ದೇಹಗಳನ್ನು ಕುರಿತು ವಿಸ್ತಾರವಾಗಿ ವಿಚಾರಿಸಿದ್ದಾರೆ. ಅತಿಭೋಜನ, ವ್ಯಾಯಾಮವಿಲ್ಲದಿರುವದು, ಹಗಲುನಿದ್ರೆ ಮೊದಲಾದ ಕಾರಣಗಳ ಜೊತೆಗೆ ಬೀಜಸ್ವಭಾವವನ್ನೂ, ಅಂದರೆ ತಂದೆತಾಯಿಗಳಿಂದ ಬಂದ ಗುಣವನ್ನೂ, ಅವರು ಎಣಿಸಿರುವದು ಗಮನಿಸತಕ್ಕದ್ದು. ಸ್ಥೂಲರನ್ನು ಕಂಡು ನಗುವವರು ಇದನ್ನು ತಿಳಿದಿರಬೇಕು. ಆದರೆ ನಮ್ಮ ಕಣ್ಣನ್ನು ತೆರೆಸಿದ್ದು ಅದೇ ಗ್ರಂಥದ ಏಳನೆಯ ಅಧ್ಯಾಯವು. ರೂಢಿಯಾಗಿ ಬಂದ ಅಹಿತವನ್ನು ಒಮ್ಮೆಲೇ ಬಿಡಬಾರದಂತೆ. ಅದರ ಕಾಲುಭಾಗವನ್ನು ಬಿಟ್ಟು, ಆ ಸ್ಥಾನದಲ್ಲಿ ಹಿತವಾದದ್ದರ ಕಾಲುಭಾಗವನ್ನು ಕೂಡಿಸಿ, ನಡುವೆ ಅಂತರವಿಟ್ಟು, ಮತ್ತೆ ಕಾಲುಭಾಗವನ್ನು ಬಿಡುತ್ತ ಹೋಗಬೇಕು. ಹೀಗೆ ಮೆಲ್ಲನೆ ಹೋದ ದೋಷವು ಮರಳಿ ಬರುವದಿಲ್ಲ. ಮೆಲ್ಲನೆ ಬಂದ ಗುಣವು ಅಲುಗುವದಿಲ್ಲ ಎಂದು ಅವರ ಅಭಿಪ್ರಾಯ. ಇದೇ ಪಾದಾಂಶಕ್ರಮವು. ಪಾದವೆಂದರೆ ಕಾಲುಭಾಗ.

ಪುರಾತನರು ಹೇಳಿದ್ದಾರೆಂಬ ಮಾತ್ರಕ್ಕೆ ಒಪ್ಪಬೇಕೆಂದು ನಾವು ಹೇಳುವದಿಲ್ಲ. ಇಂದಿನ ಗಣಿತವೂ ಇದಕ್ಕೆ ಅನುಕೂಲವಾಗಿಯೇ ಇದೆ. ಅಮೇರಿಕದ ಕೆವಿನ್ ಹಾಲ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ೨೦೧೧ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸ್ಥೂಲಕಾಯರು ದಿನದ ಆಹಾರದಲ್ಲಿ ಸುಮಾರು ೧೦೦ ಕ್ಯಾಲೊರಿಗಳನ್ನು ಸ್ಥಿರವಾಗಿ ಕಡಿಮೆ ಮಾಡಿದರೆ ಕಟ್ಟಕಡೆಗೆ ೪ ಕಿಲೋದಷ್ಟು ಭಾರ ಇಳಿಯುವದು. ಆದರೆ ಅದರ ಅರ್ಧ ಇಳಿಯುವದಕ್ಕೆ ಒಂದು ವರುಷವೂ, ಬಹುಪಾಲು ಪೂರ್ಣವಾಗುವದಕ್ಕೆ ಮೂರು ವರುಷಗಳೂ ಬೇಕು. ಮೊದಲನೆಯ ತಿಂಗಳಲ್ಲಿಯೇ ತಕ್ಕಡಿಯ ಮುಳ್ಳನ್ನು ನೋಡಿ ನಿರಾಶರಾಗುವವರು ಈ ಕಾಲಮಾನವನ್ನು ಮನಸ್ಸಿನಲ್ಲಿಡಬೇಕು.

ಅಲ್ಪ ಇಳಿದರೂ ಫಲವು ಅಲ್ಪವಲ್ಲ. ಮಧುಮೇಹದ ಬಾಗಿಲಲ್ಲಿ ನಿಂತ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೇರಿಕದಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದೇಹಭಾರದ ನೂರಕ್ಕೆ ೭ರಷ್ಟನ್ನು ಇಳಿಸುವದು, ವಾರಕ್ಕೆ ೧೫೦ ನಿಮಿಷ ನಡೆಯುವದು, ಎಂಬ ಎರಡೇ ಗುರಿಗಳನ್ನು ಇಟ್ಟಿದ್ದರು. ಆ ಗುಂಪಿನಲ್ಲಿ ಮಧುಮೇಹವು ನೂರಕ್ಕೆ ೫೮ರಷ್ಟು ಕಡಿಮೆಯಾಯಿತು. ಚೆನ್ನೈಯಲ್ಲಿ ನಡೆದು ೨೦೦೬ರಲ್ಲಿ ಪ್ರಕಟವಾದ ಇಂತಹದೇ ಪರೀಕ್ಷೆಯಲ್ಲಿ ಜನರ ಭಾರವು ಅಷ್ಟಾಗಿ ಇಳಿಯದಿದ್ದರೂ, ಆಹಾರ ವಿಹಾರಗಳ ತಿದ್ದುಪಡಿಯಿಂದಲೇ ರೋಗವು ನೂರಕ್ಕೆ ಸುಮಾರು ೨೮ರಷ್ಟು ತಗ್ಗಿತು. ಆದಕಾರಣ ತಕ್ಕಡಿಯೊಂದೇ ಸಾಕ್ಷಿಯಲ್ಲ.

ಇನ್ನು ನಮ್ಮ ಸೀಮೆಯ ಸ್ಥಿತಿಯನ್ನು ಸ್ವಲ್ಪ ನೋಡೋಣ. ನಮ್ಮ ಹಿರಿಯರು ಜೋಳ ಸಜ್ಜೆಗಳ ರೊಟ್ಟಿಯನ್ನು ಉಂಡು, ಲಿಂಗಸುಗೂರಿನ ಹತ್ತು ಮೈಲಿ ದಾರಿಯನ್ನು ನಡೆದೇ ಹೋಗಿಬರುತ್ತಿದ್ದರು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಪೂರೈಸಿ ಎಡದಂಡೆಯ ಕಾಲುವೆಯ ನೀರು ಹರಿದ ತರುವಾಯ ಸಿಂಧನೂರಿನ ಕಡೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಅನ್ನವು ಹಬ್ಬದ ಊಟದಿಂದ ನಿತ್ಯದ ಊಟಕ್ಕೆ ಇಳಿಯಿತು. ಅದು ಒಳ್ಳೆಯದಲ್ಲವೆಂದು ನಾವು ಹೇಳಲಾರೆವು. ಬರಗಾಲದ ಹಸಿವು ಆರೋಗ್ಯವಲ್ಲ. ಆದರೆ ದುಡಿಮೆಯು ಯಂತ್ರಕ್ಕೂ, ನಡಿಗೆಯು ಮೋಟಾರ್ ಸೈಕಲ್ಲಿಗೂ ಹೋದರೂ ಊಟ ಮಾತ್ರ ದುಡಿಯುವವನ ಊಟವಾಗಿಯೇ ಉಳಿಯಿತು. ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸ್ತ್ರೀಪುರುಷರಿಬ್ಬರಲ್ಲಿಯೂ ನೂರಕ್ಕೆ ಸುಮಾರು ೩೦ ಮಂದಿ ಅಧಿಕ ಭಾರದವರೆಂದು ಕಂಡುಬಂದಿದೆ.

ಪಾದಾಂಶಕ್ರಮವನ್ನು ನಮ್ಮ ಮನೆಯಲ್ಲಿ ಆಚರಣೆಗೆ ತಂದದ್ದು ಹೇಗೆಂಬದನ್ನು ಈಗ ಹೇಳುವೆವು. ನಮ್ಮ ಗೃಹಿಣಿಯವರು ಮೊದಲೇ ಒಂದು ಕರಾರು ಹಾಕಿದರು. "ಮಂದಿ ಮುಂದ ಬಿದ್ದದ್ದು ಸಾಕು. ನಿಮಗೊಂದು ಅಡಿಗಿ, ನಮಗೊಂದು ಅಡಿಗಿ ಮಾಡಾಕ ನನ್ನ ಕೈಲಾಗೂದಿಲ್ಲ. ಮಾಡಿದರ ಎಲ್ಲಾರೂ ಮಾಡೂಣು, ಇಲ್ಲಂದ್ರ ಬ್ಯಾಡ" ಎಂದರು. ಈ ಮಾತಿನಲ್ಲಿ ಶಾಸ್ತ್ರಕ್ಕಿಂತ ಹೆಚ್ಚಿನ ವಿವೇಕವಿತ್ತು. ಒಬ್ಬನ ಪಥ್ಯವು ಮನೆಗೆ ಭಾರ; ಮನೆಯ ಪಥ್ಯವು ಯಾರಿಗೂ ಭಾರವಲ್ಲ. ನಾವಿಬ್ಬರು, ಮಗ, ಸೊಸೆ, ಹತ್ತು ವರುಷದ ಮೊಮ್ಮಗ. ಹೀಗೆ ಐವರು ಒಪ್ಪಿದೆವು.

ಮೊದಲನೆಯದು ಚಹದ ಸಕ್ಕರೆ. ನಾವು ದಿನಕ್ಕೆ ನಾಲ್ಕು ಕಪ್ಪು, ಕಪ್ಪಿಗೆ ಎರಡು ಚಮಚದಂತೆ ಕುಡಿಯುತ್ತಿದ್ದೆವು. ಚಮಚಕ್ಕೆ ೫ ಗ್ರಾಮಿನಂತೆ ೪೦ ಗ್ರಾಮು ಸಕ್ಕರೆ, ೧೬೦ ಕ್ಯಾಲೊರಿ. ಹೊರಗಿನಿಂದ ಕೂಡಿಸುವ ಸಕ್ಕರೆಯು ದಿನಕ್ಕೆ ಸುಮಾರು ೨೫ ಗ್ರಾಮಿನೊಳಗಿದ್ದರೆ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ತಿಳಿಸಿದೆ. ಎರಡು ಚಮಚದ ಕಾಲುಭಾಗವು ಅರ್ಧ ಚಮಚ. ಮೂರು ವಾರ ಒಂದೂವರೆ ಚಮಚ. ನಾಲಿಗೆಗೆ ತಿಳಿಯಲೇ ಇಲ್ಲ. ಮುಂದಿನ ಮೂರು ವಾರ ಒಂದು ಚಮಚ. ಆಗ ಸ್ವಲ್ಪ ತಿಳಿಯಿತು. ಆಮೇಲೆ ಅರ್ಧ ಚಮಚ. ಅಲ್ಲಿಗೆ ನಿಂತೆವು. ಈಗ ಬೇರೆಯವರ ಮನೆಯ ಚಹವು ನಮಗೆ ಪಾನಕದಂತೆ ತೋರುವದು. ರೂಢಿಯು ದೇಹಕ್ಕೆ ಒಗ್ಗಿದ ಮೇಲೆ ಅದನ್ನು ಸಾತ್ಮ್ಯವೆನ್ನುವರು. ಒಂದು ಹೆಜ್ಜೆಯು ಸಾತ್ಮ್ಯವಾಗುವ ತನಕ ಎರಡನೆಯದನ್ನು ಇಡಬಾರದೆಂಬದೇ ನಮ್ಮ ನಿಯಮವಾಯಿತು.

ಎರಡನೆಯದು ಎಣ್ಣೆ. ಮನೆಗೆ ತಿಂಗಳಿಗೆ ೬ ಲೀಟರು ತರುತ್ತಿದ್ದೆವು. ಕಾಲುಭಾಗ ಬಿಟ್ಟು ನಾಲ್ಕೂವರೆ ಲೀಟರು ತರತೊಡಗಿದೆವು. ಎಣ್ಣೆಯ ಗ್ರಾಮಿಗೆ ೯ ಕ್ಯಾಲೊರಿಯಾದ್ದರಿಂದ ಒಬ್ಬೊಬ್ಬರಿಗೂ ದಿನಕ್ಕೆ ಸುಮಾರು ೮೦ ಕ್ಯಾಲೊರಿ ತಾನಾಗಿಯೇ ಕಡಿಮೆಯಾಯಿತು. ಒಗ್ಗರಣೆಗೆ ಡಬ್ಬಿಯಿಂದ ನೇರವಾಗಿ ಸುರಿಯುವದನ್ನು ಬಿಟ್ಟು ಚಮಚದಿಂದ ಅಳೆದು ಹಾಕಿದರೆ ಸಾಕು. ನಮ್ಮ ಕಡೆ ಬೆಳಗಿನ ಉಪಾಹಾರವಾದ ಒಗ್ಗರಣಿ ಮಿರ್ಚಿಯನ್ನು ಪೂರ್ಣ ಬಿಡುವದು ನಮ್ಮಿಂದಾಗದ ಮಾತು. ವಾರಕ್ಕೆ ನಾಲ್ಕು ದಿವಸ ತಿನ್ನುತ್ತಿದ್ದದ್ದನ್ನು ಮೂರಕ್ಕೆ, ಎರಡಕ್ಕೆ, ಕಡೆಗೆ ಒಂದಕ್ಕೆ ಇಳಿಸಿದೆವು. ಆ ಒಂದು ದಿವಸದ ರುಚಿಯು ಮೊದಲಿನ ನಾಲ್ಕು ದಿವಸಗಳ ರುಚಿಗಿಂತ ಹೆಚ್ಚು.

ಮೂರನೆಯದು ತಾಟಿನ ವ್ಯವಸ್ಥೆ. ಜೋಳದಲ್ಲಿ ಕ್ಯಾಲೊರಿ ಕಡಿಮೆಯೆಂದು ಹಲವರು ತಿಳಿದಿರುವರು, ಅದು ಸರಿಯಲ್ಲ. ಜೋಳಕ್ಕೂ ಅಕ್ಕಿಗೂ ಈ ಅಂಶದಲ್ಲಿ ಬಹಳ ಭೇದವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ೨೦೧೭ರ ಆಹಾರಕೋಷ್ಟಕದಂತೆ ೧೦೦ ಗ್ರಾಮು ಜೋಳದಲ್ಲಿ ನಾರು ಸುಮಾರು ೧೦ ಗ್ರಾಮು. ಬಿಳಿ ಅಕ್ಕಿಯಲ್ಲಿ ೩ ಗ್ರಾಮಿಗೂ ಕಡಿಮೆ. ನಾರು ಹೊಟ್ಟೆಯನ್ನು ತುಂಬಿಸುವದು, ಹಸಿವನ್ನು ಮುಂದಕ್ಕೆ ದೂಡುವದು. ಅಲ್ಲದೆ ರೊಟ್ಟಿಯನ್ನು ಅಗಿಯಲೇಬೇಕಾದ್ದರಿಂದ ಊಟವು ನಿಧಾನವಾಗುವದು. ಆದ್ದರಿಂದ ಸವತೆಕಾಯಿ, ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಪುಂಡಿಪಲ್ಯ, ಹೆಸರುಕಾಳಿನ ಪಲ್ಯಗಳನ್ನು ಮೊದಲು ಬಡಿಸಿ, ಆಮೇಲೆ ರೊಟ್ಟಿ, ಕಡೆಗೆ ಅನ್ನ ಎಂದು ಕ್ರಮ ಮಾಡಿದೆವು. ನಾಲ್ಕು ಸೌಟು ಅನ್ನವು ಮೂರಾಯಿತು. ಕೆಲವು ತಿಂಗಳ ಮೇಲೆ ಎರಡಾಯಿತು. ಹೊಟ್ಟೆಯ ಎರಡು ಭಾಗವನ್ನು ಅನ್ನದಿಂದಲೂ ಒಂದು ಭಾಗವನ್ನು ದ್ರವದಿಂದಲೂ ತುಂಬಿ, ನಾಲ್ಕನೆಯ ಭಾಗವನ್ನು ಬರಿದಾಗಿಡಬೇಕೆಂದು ವಾಗ್ಭಟರು ವಿಧಿಸಿರುವದೂ ಕಾಲುಭಾಗದ ಲೆಕ್ಕವೇ ಆಗಿದೆ.

ನಾಲ್ಕನೆಯದು ರಾತ್ರಿಯ ಊಟದ ವೇಳೆ. ದೂರದರ್ಶನದ ಕಥೆಗಳು ಮುಗಿದ ಮೇಲೆ ಹತ್ತು ಗಂಟೆಗೆ ಉಂಡು ಕೂಡಲೇ ಮಲಗುವದು ನಮ್ಮ ರೂಢಿಯಾಗಿತ್ತು. ವಾರಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ಸರಿಸಿ, ಎರಡು ತಿಂಗಳಲ್ಲಿ ಎಂಟು ಗಂಟೆಗೆ ತಂದೆವು. ನಿದ್ರೆಯು ಚೆನ್ನಾಗಿ ಬರತೊಡಗಿತು. ನಿದ್ರೆಗೆಟ್ಟ ಮರುದಿನ ಹಸಿವೂ ಸಿಹಿಯ ಆಸೆಯೂ ಹೆಚ್ಚುವದನ್ನು ಯಾರಾದರೂ ತಮ್ಮಲ್ಲಿಯೇ ಪರೀಕ್ಷಿಸಿ ನೋಡಬಹುದು.

ಐದನೆಯದು ನಡಿಗೆ. ಮೊಣಕಾಲು ನೋವಿನಿಂದಾಗಿ ಮೊದಲು ಹತ್ತು ನಿಮಿಷ ಮಾತ್ರ, ಕೋಟೆಯ ಕಂದಕದ ಮಗ್ಗುಲಲ್ಲಿ. ತಿಂಗಳಿಗೆ ಐದು ನಿಮಿಷದಂತೆ ಏರಿಸುತ್ತ ಈಗ ನಲವತ್ತು ನಿಮಿಷ ನಡೆಯುತ್ತೇವೆ. ಬಲವಂತರು ಸಹ ಅರ್ಧ ಶಕ್ತಿಯಿಂದಲೇ ವ್ಯಾಯಾಮ ಮಾಡಬೇಕೆಂಬದು ಆಯುರ್ವೇದದ ಮತ. ಜೊತೆಯವರೊಡನೆ ಮಾತಾಡಲು ಬರುವಷ್ಟು, ಆದರೆ ಹಾಡಲು ಬಾರದಷ್ಟು ವೇಗವಿದ್ದರೆ ಸಾಕು. ನಡಿಗೆಯಿಂದಲೇ ಬೊಜ್ಜು ಕರಗುವದೆಂದು ಭ್ರಮಿಸಬಾರದು. ಊಟದಲ್ಲಿ ಬಂದದ್ದನ್ನು ನಡಿಗೆಯಲ್ಲಿ ತೀರಿಸುವದು ಕಠಿಣ. ಆದರೆ ಇಳಿದ ಭಾರವನ್ನು ಮರಳಿ ಏರಗೊಡದೆ ಕಾಯುವದಕ್ಕೆ ನಡಿಗೆಯಂತಹ ಕಾವಲುಗಾರನಿಲ್ಲ.

ಇಷ್ಟು ಹೇಳಿ ನಮ್ಮ ಎರಡನೆಯ ತಪ್ಪನ್ನು ಹೇಳದಿದ್ದರೆ ಲೇಖನವು ಅಪ್ರಾಮಾಣಿಕವಾದೀತು. ಮೊಮ್ಮಗನಿಗೆ ಪ್ರತಿ ಸಂಜೆ ಅಂಗಡಿಯಿಂದ ಕುರುಕುಲು ತಿಂಡಿಯ ಪೊಟ್ಟಣವನ್ನು ತಂದುಕೊಡುತ್ತಿದ್ದವರು ನಾವೇ. ಅದನ್ನೇ ಪ್ರೀತಿಯೆಂದು ತಿಳಿದಿದ್ದೆವು. ಒಂದು ದಿವಸ ಅವನು ಶಾಲೆಯಿಂದ ಬಂದು ಚೀಲವನ್ನು ಮೂಲೆಗೆ ಎಸೆದು, "ಅಜ್ಜಾ, ಎಲ್ಲಾರೂ ನನಗ ಡುಮ್ಮ ಅಂತಾರ. ನಾ ನಾಳಿಂದ ಊಟಾನ ಮಾಡೂದಿಲ್ಲ" ಎಂದು ಅತ್ತನು. ಇಪ್ಪತ್ತೊಂದು ದಿವಸದ ನಮ್ಮ ಉಪವಾಸವನ್ನು ಆ ಮಗು ಕಣ್ಣಾರೆ ಕಂಡಿತ್ತು. ನಾವು ಬೇಡವಾದ ಎರಡು ಪಾಠಗಳನ್ನು ಅವನಿಗೆ ಕಲಿಸಿದ್ದೆವು. ಅತಿಯಾಗಿ ತಿನ್ನುವದು ಒಂದು, ಅತಿಯಾಗಿ ಬಿಡುವದು ಇನ್ನೊಂದು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಬೆಳೆಯುವ ಮಕ್ಕಳಿಗೆ ಉಪವಾಸವೂ ಬೇಡ, ತಕ್ಕಡಿಯೂ ಬೇಡ. ಅವನ ಮುಂದೆ ಭಾರದ ಮಾತನ್ನೇ ನಿಲ್ಲಿಸಿದೆವು. ಪೊಟ್ಟಣವು ಸಂತೆಯ ದಿವಸಕ್ಕೆ ಮಾತ್ರ. ಉಳಿದ ದಿನ ಪೇರಲ ಹಣ್ಣು, ಪುಟಾಣಿ, ಒಂದು ಹಿಡಿ ಶೇಂಗಾ. ಸಂಜೆಯ ನಡಿಗೆಗೆ ಅವನು ನಮ್ಮ ಜೊತೆಗೆ ಬರತೊಡಗಿದನು. ಕೆಲವು ದಿವಸಗಳಲ್ಲಿಯೇ ನಮ್ಮನ್ನು ಬಿಟ್ಟು ಹುಡುಗರ ಆಟಕ್ಕೆ ಸೇರಿಕೊಂಡನು. ಅದೇ ನಮಗೆ ಬೇಕಾಗಿತ್ತು.

ದಾರಿಯು ಸರಳರೇಖೆಯಾಗಿರಲಿಲ್ಲ. ಮದುವೆಯ ದಿನಗಳಲ್ಲಿ ಎರಡು ಕಿಲೋ ಏರಿದೆವು. ಶ್ರಾವಣದಲ್ಲಿ ಹೋಳಿಗೆ ತುಪ್ಪಗಳ ಮುಂದೆ ನಿಯಮವು ಸಡಿಲವಾಯಿತು. ಒಮ್ಮೆ ಎರಡು ತಿಂಗಳು ಮುಳ್ಳು ಅಲ್ಲಾಡಲೇ ಇಲ್ಲ. ಮೊದಲಾಗಿದ್ದರೆ, ವ್ರತವು ಕೆಟ್ಟಿತೆಂದು ಎಲ್ಲವನ್ನೂ ಬಿಟ್ಟುಬಿಡುತ್ತಿದ್ದೆವು. ಪಾದಾಂಶಕ್ರಮದಲ್ಲಿ ಕೆಡುವದಕ್ಕೆ ವ್ರತವೇ ಇಲ್ಲ. ಹಬ್ಬವು ಒಂದು ದಿವಸದ್ದು. ಮರುದಿನ ಎಂದಿನ ತಾಟು. ಹೀಗೆ ಹದಿನೆಂಟು ತಿಂಗಳಲ್ಲಿ ೮೮ರಿಂದ ೭೯ ಕಿಲೋಕ್ಕೆ ಬಂದೆವು. ನಡುವಿನ ಸುತ್ತಳತೆ ೯೫ ಸೆಂಟಿಮೀಟರು. ನಿಯಮಕ್ಕೆ ಇನ್ನೂ ಐದು ಬಾಕಿ. ರಕ್ತದ ಸಕ್ಕರೆಯು ಬಾಗಿಲಿನಿಂದ ಅಂಗಳಕ್ಕೆ ಇಳಿದಿದೆಯೆಂದು ವೈದ್ಯರು ಹೇಳುವರು.

ಕೆಲವು ಎಚ್ಚರಿಕೆಗಳು ಅವಶ್ಯವಾಗಿವೆ. ಮಧುಮೇಹಕ್ಕೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟವನ್ನು ಕಡಿಮೆ ಮಾಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಇಲ್ಲವಾದರೆ ಸಕ್ಕರೆಯು ಅಪಾಯವಾಗುವಷ್ಟು ಇಳಿಯಬಹುದು. ಗರ್ಭಿಣಿಯರೂ ಬಾಣಂತಿಯರೂ ತಮ್ಮಷ್ಟಕ್ಕೆ ಇಂತಹ ಪ್ರಯತ್ನ ಮಾಡಬಾರದು. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಕೆಲವು ಔಷಧಗಳಿಂದಲೂ ಭಾರವು ಏರುವದುಂಟು. ಅದಕ್ಕೆ ಚಿಕಿತ್ಸೆಯೇ ಬೇರೆ. ಯಾವ ಪ್ರಯತ್ನವೂ ಇಲ್ಲದೆ ಭಾರವು ಇಳಿಯುತ್ತಿದ್ದರೆ ಅದು ಸಂತೋಷದ ಸಂಗತಿಯಲ್ಲ, ಪರೀಕ್ಷೆಗೆ ಯೋಗ್ಯವಾದ ಲಕ್ಷಣ. ತಿಂಗಳಲ್ಲಿ ಹತ್ತು ಕಿಲೋ ಇಳಿಸುವೆವೆಂದು ಸಾರುವ ಪುಡಿ ಕಷಾಯಗಳ ಜಾಹೀರಾತುಗಳನ್ನು ಗೃಹಿಣಿಯರು ನಂಬಕೂಡದು. ಪುರುಷರಿಗೆ ಒಂದು ಮಾತು: ಮನೆಯ ಪಥ್ಯವೆಲ್ಲ ಅಡಿಗೆಯವರ ಹೊಣೆಯೆಂದು ಕೈಕಟ್ಟಿ ಕೂಡಬೇಡಿರಿ. ಅನ್ನವನ್ನು ನೀವೇ ಬಡಿಸಿಕೊಳ್ಳಿರಿ, ಸೊಪ್ಪನ್ನು ನೀವೇ ಸೋಸಿರಿ.

ಕಳೆದ ತಿಂಗಳು ಮೊಮ್ಮಗನ ಕೈಹಿಡಿದು ಕೋಟೆಗೆ ಹೋದೆವು. ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆವು, ಆದರೆ ಕುಳಿತುಕೊಳ್ಳಲಿಲ್ಲ. ಬುರುಜಿನ ಮೇಲೆ ನಿಂತು ಹಳೆಯ ಪಾಠವನ್ನು ಅವನಿಗೆ ಹೇಳಿದೆವು. ಎಲ್ಲವನ್ನೂ ಕೇಳಿ ಅವನು, "ಅಜ್ಜಾ, ಇಷ್ಟ ಮಂದಿ ಗೆದ್ದರಲ್ಲ, ಮತ್ತ ಯಾಕ ಕಳಕೊಂಡ್ರು?" ಎಂದು ಕೇಳಿದನು. ಗೆಲ್ಲುವದಕ್ಕೆ ಒಂದು ದಿವಸ ಸಾಕು, ಕಾಯುವದಕ್ಕೆ ದಿನದಿನವೂ ಬೇಕು ಎಂದು ಉತ್ತರ ಕೊಟ್ಟೆವು. ಅವನಿಗೆ ಎಷ್ಟು ತಿಳಿಯಿತೋ ಕಾಣೆವು. ನಮಗೆ ಮಾತ್ರ ಚೆನ್ನಾಗಿ ತಿಳಿದಿತ್ತು.

ವಾಚಕರು ಇಂದಿನ ಸಂಜೆಯ ಚಹದಲ್ಲಿ ಅರ್ಧ ಚಮಚವನ್ನು ಬಿಟ್ಟು ನೋಡಲಿ. ಉಳಿದದ್ದನ್ನು ಮೂರು ವಾರಗಳ ಮೇಲೆ ವಿಚಾರಿಸಬಹುದು. ಇತ್ಯಲಮ್.